"ಅಪ್ಪನಿಗೆ ಮಾತ್ರ ಹೇಳಬೇಡಿ"



ಕ್ಯಾನ್ಸರ್ ತಜ್ಞರ ಕೊಠಡಿಯ ಬಾಗಿಲಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿದೆ: "ಡಾಕ್ಟ್ರೇ, ಕೈ ಮುಗಿದು ಕೇಳ್ಕೋತೀವಿ, ಅಪ್ಪನಿಗೆ ಮಾತ್ರ ಹೇಳಬೇಡಿ." ಹೇಳುವವನು ಹಿರಿಯ ಮಗ, ಅವನ ಹಿಂದೆ ಕಣ್ಣೊರೆಸಿಕೊಳ್ಳುವ ಮಗಳು, ತಲೆಯಾಡಿಸುವ ಅಳಿಯ. ಅಪ್ಪ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾರೆ, ತಮ್ಮದೇ ಎಕ್ಸ್‌ರೇ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು. ಒಳಗಿನಿಂದ ಬಂದವರು, "ಏನಿಲ್ಲಪ್ಪಾ, ಮೂತ್ರದಲ್ಲಿ ಸ್ವಲ್ಪ ಸೋಂಕು, ಮೂರು ತಿಂಗಳಿಗೊಂದು ಇಂಜೆಕ್ಷನ್ ಅಂತೆ" ಎನ್ನುತ್ತಾರೆ. ಅಪ್ಪ ತಲೆದೂಗುತ್ತಾರೆ. ಅಂದಿನಿಂದ ಆ ಮನೆಯಲ್ಲಿ ಎರಡು ಪಾಳೆಯಗಳು: ತಿಳಿದವರದೊಂದು, ತಿಳಿಯದವರಂತೆ ನಟಿಸಬೇಕಾದವರದೊಂದು.

ಇದು ಪ್ರೀತಿಯಿಂದಲೇ ಹುಟ್ಟಿದ ಮಾತೆಂಬುದರಲ್ಲಿ ಸಂಶಯವಿಲ್ಲ. ಆದರೆ ಪ್ರೀತಿಯಿಂದ ಮಾಡಿದ್ದೆಲ್ಲವೂ ಹಿತವೆಂದು ಹೇಳಲಾಗದು. ಮೈಯಲ್ಲಿ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯದಲ್ಲಂತೂ ಈ ಮೌನ ರೋಗಿಯನ್ನು ಕಾಯುವುದಿಲ್ಲ. ಅವರಿಗೆ ಸಿಗಬೇಕಾದ ಚಿಕಿತ್ಸೆಯನ್ನೂ, ನೋವಿನ ಶಮನವನ್ನೂ, ನೆರೆಹೊರೆಯ ಆಸರೆಯನ್ನೂ ಒಂದೊಂದಾಗಿ ಕಿತ್ತುಕೊಳ್ಳುತ್ತದೆ. ಈ ಮಾತು ಕೆಲವು ಮನೆಗಳಿಗೆ ಕಹಿಯೆನಿಸೀತು. ಆದರೂ ಹೇಳಲೇಬೇಕಾಗಿದೆ.

ಮೊದಲು ರೋಗವನ್ನೇ ಅರಿಯೋಣ. ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಸಣ್ಣ ಗ್ರಂಥಿ. ವಯಸ್ಸಾದಂತೆ ಅದು ಹಿಗ್ಗುವುದು ಸಾಮಾನ್ಯ. ಹಿಗ್ಗಿದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಕ್ಯಾನ್ಸರ್ ಬಂದಾಗ ಅದು ಎಷ್ಟೋ ಸಲ ಸದ್ದಿಲ್ಲದೆ ಬೆಳೆದು, ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬುಗಳಿಗೆ ಹಬ್ಬುತ್ತದೆ. ನಮ್ಮ ಹಿರಿಯರು ಆ ಬೆನ್ನುನೋವನ್ನು ವಾಯು ಎಂದೋ ವಯಸ್ಸೆಂದೋ ಕರೆದು, ತಿಂಗಳುಗಟ್ಟಲೆ ಮುಲಾಮು ತಿಕ್ಕಿಕೊಂಡು, ಕೊನೆಗೊಮ್ಮೆ ಆಸ್ಪತ್ರೆಯ ಮೆಟ್ಟಿಲೇರುತ್ತಾರೆ. ಆಗ ವೈದ್ಯರು ಹೇಳುವುದು, "ಇದನ್ನು ಬೇರುಸಹಿತ ಗುಣಪಡಿಸಲಾಗದು" ಎಂದು. ಮನೆಯವರು ಕೇಳಿಸಿಕೊಳ್ಳುವುದು, "ಇನ್ನೇನೂ ಮಾಡಲಾಗದು" ಎಂದು. ಈ ಎರಡು ವಾಕ್ಯಗಳ ನಡುವೆ ವರ್ಷಗಳೇ ಅಡಗಿವೆ.

ಗಂಡಸರ ಹಾರ್ಮೋನಾದ ಟೆಸ್ಟೋಸ್ಟಿರಾನ್ ಈ ಕ್ಯಾನ್ಸರಿಗೆ ಮೇವು. ಅದನ್ನು ತಗ್ಗಿಸಿದರೆ ಹರಡಿದ ರೋಗವೂ ಹಿಮ್ಮೆಟ್ಟುತ್ತದೆಂದು ಶಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಇಂದಿಗೂ ಚಿಕಿತ್ಸೆಯ ತಳಹದಿ ಅದೇ. ವೃಷಣಗಳನ್ನು ತೆಗೆಯುವ ಒಂದು ಚಿಕ್ಕ ಶಸ್ತ್ರಚಿಕಿತ್ಸೆ, ಇಲ್ಲವೇ ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್. ಈಚಿನ ವರ್ಷಗಳಲ್ಲಿ ಅದರ ಮೇಲೆ ಬಹಳ ಕಟ್ಟಲಾಗಿದೆ. ಹಾರ್ಮೋನ್ ಚಿಕಿತ್ಸೆಯ ಆರಂಭದಲ್ಲೇ ಡೋಸಿಟಾಕ್ಸೆಲ್ ಎಂಬ ಕೀಮೋಥೆರಪಿಯನ್ನೂ ಕೊಟ್ಟರೆ, ರೋಗಿಗಳಲ್ಲಿ ಅರ್ಧದಷ್ಟು ಜನ ಬದುಕಿದ ಅವಧಿ 44 ತಿಂಗಳಿಂದ 57 ತಿಂಗಳಿಗೆ ಏರಿತೆಂದು ಅಮೆರಿಕದ ಒಂದು ಅಧ್ಯಯನ 2015ರಲ್ಲಿ ವರದಿ ಮಾಡಿತು. ಅಬಿರಾಟೆರೋನ್ ಎಂಬ ಮಾತ್ರೆಯನ್ನು ಕೂಡಿಸಿಕೊಂಡವರಲ್ಲಿ ಮೂರು ವರ್ಷಗಳ ನಂತರ ನೂರಕ್ಕೆ 66 ಮಂದಿ ಬದುಕಿದ್ದರು, ಕೂಡಿಸಿಕೊಳ್ಳದವರಲ್ಲಿ 49 ಮಂದಿ. ಇದು 2017ರ ಇನ್ನೊಂದು ಅಧ್ಯಯನದ ಲೆಕ್ಕ. ಇದು ಸ್ವಸ್ಥತೆಯಲ್ಲ, ಒಪ್ಪಿದೆ. ಆದರೆ ನಾಲ್ಕೈದು ವರ್ಷಗಳೆಂದರೆ ಮೊಮ್ಮಗಳು ಪ್ರಥಮ ಪರಮಪ್ರಸಾದ ಸ್ವೀಕರಿಸುವುದನ್ನು ಕಾಣುವ ಕಾಲ, ತಮ್ಮನೊಡನೆ ಮುರಿದ ಮಾತನ್ನು ಮತ್ತೆ ಆಡುವ ಕಾಲ, ತೋಟದ ಪತ್ರಗಳನ್ನು ಸರಿಪಡಿಸುವ ಕಾಲ. ಅಷ್ಟು ಕಾಲದ ಒಡೆಯನಿಗೇ ಅದರ ಸುದ್ದಿ ಬೇಡವೆಂದರೆ ಹೇಗೆ?

ಈಗ ಒಂದು ಪ್ರಶ್ನೆ. ವೃಷಣಗಳನ್ನು ತೆಗೆಸುವುದೋ, ಜೀವಮಾನವಿಡೀ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದೋ? ಮೊದಲನೆಯದು ಒಂದೇ ಸಲದ ಖರ್ಚು, ಆದರೆ ಹಿಂದಿರುಗಿಸಲಾಗದ್ದು. ಎರಡನೆಯದು ಮುಗಿಯದ ಖರ್ಚು, ಆದರೆ ದೇಹಕ್ಕೆ ಕತ್ತರಿಯಿಲ್ಲ. ಗಂಡಸೊಬ್ಬನ ಬದುಕಿನಲ್ಲಿ ಇದಕ್ಕಿಂತ ಖಾಸಗಿಯಾದ ನಿರ್ಧಾರ ಇನ್ನಾವುದಿದೆ? ಅದನ್ನು ಮಗ ಮತ್ತು ಅಳಿಯ ಕಾರಿಡಾರಿನಲ್ಲಿ ನಿಂತು ಮಾಡುತ್ತಾರೆ. ಅಪ್ಪನ ಕೈಗೆ ಸಹಿಗಾಗಿ ಒಂದು ಕಾಗದ ಬರುತ್ತದೆ. ಆಸ್ತಿಯ ಪತ್ರಕ್ಕೆ ಓದದೆ ಸಹಿ ಹಾಕಬೇಡವೆಂದು ಮಕ್ಕಳಿಗೆ ಕಲಿಸಿದವರು ಅವರೇ.

"ಕೇಳಿದರೆ ಕುಸಿದುಹೋಗುತ್ತಾರೆ" ಎಂದು ನೀವು ಹೇಳುವಿರಿ. ಯಾರಾದರೂ ಎದೆಗುಂದುವುದು ಸಹಜವೇ. ಆದರೆ ಮುಂದುವರಿದ ರೋಗದೊಂದಿಗೆ ಮನುಷ್ಯರು ಹೇಗೆ ಬಾಳಿದ್ದಾರೆಂಬುದನ್ನೂ ಸ್ವಲ್ಪ ನೋಡಿ. ಫ್ರಾನ್ಸಿನ ಫ್ರಾಂಸ್ವಾ ಮಿತ್ತೆರಾನ್ 1981ರ ಮೇ ತಿಂಗಳಲ್ಲಿ ಅಧ್ಯಕ್ಷರಾದರು. ಅದೇ ನವೆಂಬರಿನಲ್ಲಿ ಅವರ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗಳಿಗೆ ಹರಡಿದೆಯೆಂದು ವೈದ್ಯರು ಅವರಿಗೆ ತಿಳಿಸಿದರು. ಎರಡು ಅವಧಿಗಳನ್ನು ಪೂರೈಸಿ, 1996ರ ಜನವರಿಯಲ್ಲಿ ಅವರು ತೀರಿಕೊಂಡರು. ಹದಿನಾಲ್ಕು ವರ್ಷಗಳು! ಇದು ಅಪರೂಪ, ಎಲ್ಲರಿಗೂ ಹೀಗಾಗುತ್ತದೆಂದು ಯಾರೂ ಭರವಸೆ ಕೊಡಲಾರರು. ಆತ ಆ ಸಂಗತಿಯನ್ನು ತನ್ನ ದೇಶದಿಂದ 1992ರವರೆಗೂ ಬಚ್ಚಿಟ್ಟರು, ಆರೋಗ್ಯ ಉತ್ತಮವಾಗಿದೆಯೆಂಬ ಸುಳ್ಳು ಪ್ರಕಟಣೆಗಳನ್ನೂ ಹೊರಡಿಸಿದರು, ಅದು ಮೆಚ್ಚತಕ್ಕದ್ದಲ್ಲ. ಆದರೆ ಗಮನಿಸಿ: ದೇಶಕ್ಕೆಲ್ಲ ಸುಳ್ಳು ಹೇಳಿದ ಆ ಮನುಷ್ಯನಿಗೆ ಯಾರೂ ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ತಿರುಗುಮುರುಗು. ಇಡೀ ಬೀದಿಗೆ ಗೊತ್ತು, ಅಪ್ಪನೊಬ್ಬರಿಗೆ ಗೊತ್ತಿಲ್ಲ.

ದಕ್ಷಿಣ ಆಫ್ರಿಕದ ಮಹಾಧರ್ಮಾಧ್ಯಕ್ಷ ಡೆಸ್ಮಂಡ್ ಟುಟು ಅವರ ದಾರಿ ಬೇರೆ. ಸತ್ಯ ಮತ್ತು ಸಂಧಾನ ಆಯೋಗದ ಅಧ್ಯಕ್ಷತೆ ವಹಿಸಿದ್ದಾಗಲೇ, 1997ರಲ್ಲಿ, ಅವರಿಗೆ ಈ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಅವರು ಅದನ್ನು ಬಹಿರಂಗವಾಗಿಯೇ ಹೇಳಿದರು, ಚಿಕಿತ್ಸೆ ಪಡೆದರು, ರೋಗ ಮರಳಿದಾಗ ಮತ್ತೆ ಪಡೆದರು. 2021ರ ಡಿಸೆಂಬರಿನಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು 2025ರ ಮೇ ತಿಂಗಳಲ್ಲಿ ಪ್ರಕಟವಾದಾಗ ಅವರ ವಯಸ್ಸು 82. ಇವರೆಲ್ಲ ದೊಡ್ಡವರು, ಇವರಿಗೆ ಸಿಕ್ಕ ವೈದ್ಯರು ನಮಗೆ ಸಿಗಲಾರರು, ನಿಜ. ಆದರೆ ಸತ್ಯವನ್ನು ತಾಳಿಕೊಳ್ಳುವ ಎದೆ ಅಧಿಕಾರದಿಂದ ಬರುವುದಲ್ಲ. ಬರಗಾಲ ಕಂಡ, ಸಾಲ ತೀರಿಸಿದ, ಹೆತ್ತ ಮಗುವನ್ನು ಮಣ್ಣಿಗಿಟ್ಟು ಬಂದ ನಿಮ್ಮ ತಂದೆಗೆ ಆ ಎದೆ ಇಲ್ಲವೆಂದು ನಿರ್ಧರಿಸಿದವರು ಯಾರು?

ತಿಳಿಯಲಿಚ್ಛಿಸದವರೂ ಇರುತ್ತಾರೆ. ಅಂಥವರ ತಲೆಯ ಮೇಲೆ ವರದಿಯನ್ನು ಸುರಿಯಬೇಕೆಂದು ನಾನು ಹೇಳುತ್ತಿಲ್ಲ. "ನಿಮ್ಮ ರೋಗದ ಬಗ್ಗೆ ಎಷ್ಟು ತಿಳಿಯಬೇಕೆನ್ನಿಸುತ್ತದೆ?" ಎಂದು ವೈದ್ಯರು ಕೇಳಲಿ. "ನನಗೇನೂ ಬೇಡ, ಮಗನಿಗೆ ಹೇಳಿ" ಎಂದು ಅವರೇ ಅಂದರೆ ಅದೂ ಅವರ ಹಕ್ಕು. ಆದರೆ ಬೇಡವೆನ್ನುವ ಹಕ್ಕು ಅವರದು, ನಮ್ಮದಲ್ಲ.

ಇನ್ನೊಂದು ಮಾತು. ಅಪ್ಪನಿಗೆ ಗೊತ್ತಿಲ್ಲವೆಂದು ನೀವು ನಂಬಿದ್ದೀರಿ. ಆಸ್ಪತ್ರೆಯ ಫಲಕವನ್ನು ಅವರು ಓದಲಾರರೇ? ಅವರು ಒಳಬಂದೊಡನೆ ನಿಲ್ಲುವ ಪಿಸುಮಾತು ಅವರಿಗೆ ಕೇಳಿಸದೇ? ಹಾರ್ಮೋನ್ ಇಂಜೆಕ್ಷನ್ನಿನಿಂದ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರಿಗೆ ಆಗುವ ಹಾಗೆ. ಆಯಾಸ, ಸ್ನಾಯುಗಳ ಇಳಿತ, ಮೂಳೆಗಳ ಸವೆತ, ಸಣ್ಣ ಮಾತಿಗೂ ತುಂಬಿಬರುವ ಕಣ್ಣು. ಕಾಮನೆ ಬತ್ತಿಹೋಗುತ್ತದೆ. ಇದು ಔಷಧದ ಗುಣವೆಂದು ಹೇಳದೆ ಹೋದರೆ, ಇದು ತನ್ನದೇ ದೌರ್ಬಲ್ಯವೆಂದು ಆತ ನಂಬುತ್ತಾನೆ. ತನ್ನ ಮೇಲೆ ಪತಿಗೆ ಪ್ರೀತಿಯಿಲ್ಲವೆಂದು ಪತ್ನಿ ನಂಬುತ್ತಾಳೆ. ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದವರು ಹೀಗೆ ಕೊನೆಯ ವರ್ಷಗಳಲ್ಲಿ ಬೇರೆ ಬೇರೆ ಗೋಡೆಯ ಕಡೆ ಮುಖಮಾಡಿ ಮಲಗುತ್ತಾರೆ. ಒಬ್ಬ ವೈದ್ಯರು ಇಬ್ಬರನ್ನೂ ಕೂರಿಸಿಕೊಂಡು ಹತ್ತು ನಿಮಿಷ ಮಾತನಾಡಿದ್ದರೆ ಸಾಕಿತ್ತು. "ವಿಶ್ರಾಂತಿ ತೆಗೆದುಕೊಳ್ಳಿ" ಎಂದು ಅವರನ್ನು ಮಂಚಕ್ಕೆ ಅಂಟಿಸುವವರೂ ಕೇಳಿ: ಈ ಆಯಾಸಕ್ಕೂ ಸ್ನಾಯುಗಳ ಇಳಿತಕ್ಕೂ ಒಳ್ಳೆಯ ಮದ್ದು ದಿನದ ನಡಿಗೆಯೇ. ಮೂಳೆಗಳಲ್ಲಿ ದುರ್ಬಲ ಜಾಗಗಳಿದ್ದರೆ ಎಷ್ಟು ಭಾರ ಎತ್ತಬಹುದೆಂದು ವೈದ್ಯರನ್ನು ಕೇಳಿಕೊಂಡರಾಯಿತು.

ಮೌನದ ಅತ್ಯಂತ ದೊಡ್ಡ ಬೆಲೆ ಇನ್ನೂ ಮುಂದಿದೆ. ಮುಂದಿನ ಈ ಕೆಲವು ಸಾಲುಗಳನ್ನು ಬೇಕಾದರೆ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಬೆನ್ನುಮೂಳೆಗೆ ಹರಡಿದ ಕ್ಯಾನ್ಸರ್ ಒಮ್ಮೊಮ್ಮೆ ಬೆನ್ನುಹುರಿಯನ್ನು ಅದುಮುತ್ತದೆ. ಬೆನ್ನಿನಲ್ಲಿ ಹೊಸದಾಗಿ ಕಾಣಿಸಿಕೊಂಡ ಅಥವಾ ದಿನದಿನಕ್ಕೆ ಹೆಚ್ಚುವ ನೋವು, ಕಾಲುಗಳಲ್ಲಿ ನಿಶ್ಶಕ್ತಿ, ಜೋಮು, ನಡಿಗೆಯಲ್ಲಿ ತಡವರಿಕೆ, ಮಲಮೂತ್ರಗಳ ಮೇಲೆ ಹಿಡಿತ ತಪ್ಪುವುದು: ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆ ಅಲ್ಲ, ಮುಂದಿನ ಅಪಾಯಿಂಟ್‌ಮೆಂಟಿಗೆ ಅಲ್ಲ. ಸ್ಟೀರಾಯ್ಡ್ ಮತ್ತು ವಿಕಿರಣ ಚಿಕಿತ್ಸೆ, ಕೆಲವರಿಗೆ ಶಸ್ತ್ರಚಿಕಿತ್ಸೆ ತ್ವರಿತವಾಗಿ ದೊರೆತರೆ ಕಾಲುಗಳು ಉಳಿಯುತ್ತವೆ. ಚಿಕಿತ್ಸೆ ಆರಂಭವಾಗುವಾಗ ನಡೆಯುತ್ತಿದ್ದವರು ಮುಂದೆಯೂ ನಡೆಯುವ ಸಂಭವ ಹೆಚ್ಚು. ಆಗಲೇ ಕಾಲು ಬಿದ್ದುಹೋದವರು ಮತ್ತೆ ಏಳುವುದು ಕಷ್ಟ. ಈ ಲಕ್ಷಣಗಳನ್ನು ಮೊದಲು ಅರಿಯಬಲ್ಲವರು ಯಾರು? ರೋಗಿಯೊಬ್ಬರೇ. 'ಮೂತ್ರದ ಸೋಂಕು' ಇದೆಯೆಂದು ನಂಬಿಸಲ್ಪಟ್ಟ ಮನುಷ್ಯ ತನ್ನ ಕಾಲಿನ ಜೋಮನ್ನು ಯಾರಿಗಾದರೂ ಹೇಳಲು ಕಾರಣವೇನಿದೆ? ಮಕ್ಕಳಿಗೆ ತೊಂದರೆಯೇಕೆಂದು ಭಾನುವಾರದವರೆಗೆ ಸುಮ್ಮನಿರುತ್ತಾರೆ. ಸೋಮವಾರ ಏಳಲಾಗುವುದಿಲ್ಲ.

ನೋವಿನ ವಿಷಯದಲ್ಲಿ ನಮ್ಮ ಭಕ್ತರಲ್ಲಿ ಬೇರೂರಿರುವ ಒಂದು ಭಾವನೆಯನ್ನೂ ಎದುರಿಸಬೇಕಾಗಿದೆ. "ಪ್ರಭುವಿನ ಶಿಲುಬೆಯೊಂದಿಗೆ ಒಪ್ಪಿಸಿಕೊಳ್ಳಿ, ಸಹಿಸಿಕೊಳ್ಳಿ" ಎಂದು ಮಂಚದ ಪಕ್ಕದಲ್ಲಿ ನಿಂತು ಹೇಳುವವರಿದ್ದಾರೆ. ತನ್ನ ನೋವನ್ನು ತಾನಾಗಿ ಅರ್ಪಿಸುವುದು ಬೇರೆ. ಚೀಟಿ ಬರೆಯಬೇಕಾದವರು ಬರೆಯದೆ, ತರಬೇಕಾದವರು ತರದೆ ಇನ್ನೊಬ್ಬನ ಮೇಲೆ ಹೇರಿದ ನೋವು ಬೇರೆ. ಎರಡನೆಯದಕ್ಕೆ ಶಿಲುಬೆಯ ಹೆಸರಿಡುವುದು ಅನ್ಯಾಯ. ಪ್ರಾಣಾವಧಿ ತುಸು ಕುಗ್ಗುವ ಸಂಭವವಿದ್ದರೂ ನೋವು ನೀಗಿಸಲು ಔಷಧ ಕೊಡಬಹುದೆಂದು ಪೋಪ್ ಹನ್ನೆರಡನೆಯ ಪಿಯೂಸ್ ಅವರು ವೈದ್ಯರಿಗೆ 1957ರಲ್ಲೇ ತಿಳಿಸಿದ್ದಾರೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಅದನ್ನೇ ಹೇಳಿ, ಉಪಶಮನ ಆರೈಕೆಯನ್ನು ಪರಪ್ರೇಮದ ವಿಶೇಷ ರೂಪವೆಂದು ಕರೆಯುತ್ತದೆ. ವಾಸ್ತವವಾಗಿ, ಬಲ್ಲವರು ಅಳತೆಯರಿತು ಕೊಟ್ಟ ಮಾರ್ಫಿನ್ ಆಯುಷ್ಯವನ್ನು ಕಡಿಮೆ ಮಾಡುವುದೂ ಇಲ್ಲ, ಕ್ಯಾನ್ಸರ್ ನೋವಿಗಾಗಿ ಅದನ್ನು ಸೇವಿಸುವವರು ಚಟಕ್ಕೆ ಬೀಳುವುದು ವಿರಳ. ಮಲಬದ್ಧತೆಯಂತೂ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧ ಕೇಳಿ ಪಡೆಯಿರಿ.

ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದ ಸಂಗತಿ ಇದು: ಮಾರ್ಫಿನ್ನಿನ ಮೂಲವಾದ ಅಫೀಮನ್ನು ಮಧ್ಯಪ್ರದೇಶ, ರಾಜಸ್ತಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ ಬೆಳೆದು ಹೊರದೇಶಗಳಿಗೆ ಕಳುಹಿಸುವ ದೇಶ ನಮ್ಮದು. 1985ರ ಮಾದಕವಸ್ತು ಕಾಯಿದೆಯ ಭಯದಿಂದ ಇಲ್ಲಿನ ಆಸ್ಪತ್ರೆಗಳೇ ಅದನ್ನು ಇಟ್ಟುಕೊಳ್ಳಲು ಹಿಂಜರಿದವು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸುಗಮವಾಗಿದೆ. ಆದರೂ ಕೇಳದವರಿಗೆ ತಾನಾಗಿ ಅದು ಬರುವುದಿಲ್ಲ. ಮೂಳೆನೋವಿಗೆ ವಿಕಿರಣ ಚಿಕಿತ್ಸೆಯೂ ಇದೆ. ಹತ್ತು ದಿನ ಪಟ್ಟಣದಲ್ಲಿ ಉಳಿಯಬೇಕಲ್ಲಾ ಎಂದು ಹೆದರಿ ಹಳ್ಳಿಯವರು ಹೋಗುವುದಿಲ್ಲ. ಸಾಮಾನ್ಯ ಮೂಳೆನೋವಿಗೆ ಒಂದೇ ಸಲ ಕೊಟ್ಟ ವಿಕಿರಣ ಹಲವು ಸಲ ಕೊಟ್ಟಷ್ಟೇ ಶಮನ ನೀಡುತ್ತದೆಂಬುದು ಅಧ್ಯಯನಗಳಿಂದ ಸಿದ್ಧವಾಗಿದೆ. "ಒಂದೇ ದಿನದಲ್ಲಿ ಆಗುತ್ತದೆಯೇ?" ಎಂದು ಕೇಳಿ.

ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಎಂದೊಡನೆ ನಮ್ಮ ಮನೆಗಳಲ್ಲಿ ಮೇಣದಬತ್ತಿ ಹುಡುಕಲು ಶುರುವಾಗುತ್ತದೆ. ಅದು ಕೊನೆಯ ವಾರದ ವ್ಯವಸ್ಥೆಯಲ್ಲ. ಮುಂದುವರಿದ ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳಿಗೆ ಮೊದಲಿನಿಂದಲೇ ಈ ಆರೈಕೆ ಕೊಟ್ಟಾಗ ಅವರು ಹೆಚ್ಚು ನೆಮ್ಮದಿಯಿಂದಿದ್ದುದಷ್ಟೇ ಅಲ್ಲ, ಸುಮಾರು ಎರಡೂವರೆ ತಿಂಗಳು ಹೆಚ್ಚು ಬದುಕಿದರೆಂದು ಬಾಸ್ಟನ್ನಿನ ಅಧ್ಯಯನವೊಂದು 2010ರಲ್ಲಿ ಕಂಡುಕೊಂಡಿತು. ರೋಗ ಬೇರೆ, ಪಾಠ ನಮ್ಮದೇ. ಅಭ್ಯಂಗ ಸಂಸ್ಕಾರದ ಕಥೆಯೂ ಹೀಗೆಯೇ ಅಲ್ಲವೇ? ಅದು ಸಾವಿನಂಚಿನಲ್ಲಿರುವವರಿಗೆ ಮಾತ್ರವಲ್ಲ, ಅದನ್ನು ರೋಗಿಗಳ ಅಭ್ಯಂಗವೆಂದು ಕರೆಯುವುದೇ ಹೆಚ್ಚು ಸೂಕ್ತ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. ಆದರೂ ಅಪ್ಪ ಹೆದರುತ್ತಾರೆಂದು ನಾವು ಗುರುಗಳನ್ನು ಕರೆಯುವುದು ಅವರಿಗೆ ಪ್ರಜ್ಞೆ ತಪ್ಪಿದ ಮೇಲೆ.

ನೆರವು ಇಲ್ಲವೇ ಇಲ್ಲವೆಂದೂ ಹೇಳಬೇಡಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ಮತ್ತು ಉಪಶಮನ ಆರೈಕೆಯ ವಿಭಾಗವಿದೆ. 1994ರಲ್ಲಿ ಸ್ಥಾಪಿತವಾದ ಟ್ರಸ್ಟೊಂದು ನಡೆಸುತ್ತಿರುವ ಕರುಣಾಶ್ರಯ 1999ರಿಂದ ಮುಂದುವರಿದ ಕ್ಯಾನ್ಸರಿನ ರೋಗಿಗಳನ್ನು ಉಚಿತವಾಗಿ ಇರಿಸಿಕೊಂಡು ಆರೈಕೆ ಮಾಡುತ್ತಿದೆ. ಅದರ ದಾದಿಯರು ಮನೆಗಳಿಗೂ ಹೋಗುತ್ತಾರೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಅವಕಾಶವಿದೆ. ಲಕ್ಷ್ಮಣ ಫಲದ ಪುಡಿಗೂ ಗುಟ್ಟಿನ ಕಷಾಯಕ್ಕೂ ಸಾಲ ಮಾಡುವ ಮೊದಲು ಈ ಬಾಗಿಲುಗಳನ್ನು ತಟ್ಟಿ. ನೆರೆಯ ಕೇರಳವನ್ನು ನೋಡಿ. 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ಆರಂಭಿಸಿದ ಕೆಲಸ ಊರೂರಿಗೆ ಹಬ್ಬಿತು. ಮಲಪ್ಪುರಂ ಜಿಲ್ಲೆಯಲ್ಲಿ ಸಾಮಾನ್ಯ ಜನರೇ ತರಬೇತಿ ಪಡೆದು ದಾದಿಯರ ಜೊತೆ ಮನೆಮನೆಗೆ ನಡೆದರು. 2008ರಲ್ಲಿ ಆ ಸರ್ಕಾರ ಅದನ್ನು ರಾಜ್ಯದ ನೀತಿಯಾಗಿಯೇ ಅಂಗೀಕರಿಸಿತು. ಅವರಿಗೆ ಬೇಕಾಗಿದ್ದುದು ದೊಡ್ಡ ಕಟ್ಟಡವಲ್ಲ. ವಾರಕ್ಕೆ ಒಂದೆರಡು ಗಂಟೆ ಕೊಡುವ ನೆರೆಯವರು.

ನಮ್ಮ ಧರ್ಮಕೇಂದ್ರಗಳಲ್ಲಿ ಅಂಥವರಿಲ್ಲವೇ? ಹಬ್ಬದ ತೇರಿಗೆ, ಚಪ್ಪರಕ್ಕೆ, ಊಟ ಬಡಿಸಲು ಐವತ್ತು ಮಂದಿ ಒಂದೇ ಕರೆಗೆ ಬರುತ್ತಾರೆ. ಆದರೆ ಈ ರೋಗದ ಮುಂದೆ ಗಂಡಸರ ನಾಲಿಗೆ ಬಿದ್ದುಹೋಗುತ್ತದೆ. ಸ್ತನ ಕ್ಯಾನ್ಸರಿನ ಮಹಿಳೆಯರು ಪರಸ್ಪರರ ಕೈಹಿಡಿಯುವ ಕೆಲಸವನ್ನು ಅಮೆರಿಕದಲ್ಲಿ 1950ರ ದಶಕದಲ್ಲೇ ಆರಂಭಿಸಿದ್ದರು. ಅಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಗಂಡಸರು ಶಿಕಾಗೋ ಬಳಿ ತಮ್ಮದೊಂದು ಬಳಗವನ್ನು ಕಟ್ಟಿಕೊಂಡದ್ದು 1990ರಲ್ಲಿ. ಅಷ್ಟು ತಡ! ಕಾರಣ ಊಹಿಸಲು ಕಷ್ಟವಿಲ್ಲ. ಮೂತ್ರ, ಡೈಪರು, ಶಯನಗೃಹ, ಇವುಗಳ ಬಗ್ಗೆ ಗಂಡಸು ಇನ್ನೊಬ್ಬ ಗಂಡಸಿನೊಡನೆ ಮಾತಾಡಬೇಕಲ್ಲ. ಆದರೆ ಅದೇ ಇಂಜೆಕ್ಷನ್ ಚುಚ್ಚಿಸಿಕೊಂಡ ಇನ್ನೊಬ್ಬ, "ನನಗೂ ರಾತ್ರಿ ಹೀಗೇ ಬೆವರುತ್ತದೆ ಮಾರಾಯ" ಎಂದರೆ ಸಿಗುವ ಸಮಾಧಾನವನ್ನು ಬೇರಾರೂ ಕೊಡಲಾರರು. ಒಂದು ಡೀನರಿಯಲ್ಲಿ ಅಂಥ ಮೂವರು ಇದ್ದೇ ಇರುತ್ತಾರೆ. ಅವರು ಒಬ್ಬರನ್ನೊಬ್ಬರು ಅರಿಯರು, ಏಕೆಂದರೆ ಮೂರೂ ಮನೆಗಳಲ್ಲಿ ಅದು ಗುಟ್ಟು.

ನೋಡಲು ಹೋಗುವವರಿಗೂ ಒಂದು ಮಾತು. ಯೋಬನ ಗೆಳೆಯರು ಏಳು ದಿನ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತರು. ಅಲ್ಲಿಯವರೆಗೆ ಅವರದು ಒಳ್ಳೆಯ ಗೆಳೆತನವೇ. ಕೆಟ್ಟದ್ದು ಅವರು ಬಾಯ್ದೆರೆದ ಮೇಲೆ. ನೀವು ಹೋದಾಗ ಯಾರ ಚಿಕ್ಕಪ್ಪನಿಗೆ ಏನಾಯಿತೆಂಬ ಕಥೆ ಬೇಡ. ಮೆಣಸಿನ ಬೆಲೆ ಮಾತಾಡಿ, ಪಾಲನಾ ಸಮಿತಿಯ ಜಗಳದ ಬಗ್ಗೆ ಅವರ ಅಭಿಪ್ರಾಯ ಕೇಳಿ. ಅವರಿನ್ನೂ ಈ ಊರಿನವರು. ಅವರ ಪತ್ನಿ ರಾತ್ರಿ ನಾಲ್ಕು ಸಲ ಎದ್ದವರು. ಒಂದು ಮಧ್ಯಾಹ್ನ ನೀವು ಮಂಚದ ಬಳಿ ಕುಳಿತರೆ ಆಕೆ ಮಲಗಬಹುದು. ಆಸ್ಪತ್ರೆಯ ಸರದಿಯಲ್ಲಿ ಬೆಳಗಿನ ಆರಕ್ಕೆ ನಿಂತು ಚೀಟಿ ಮಾಡಿಸುವುದು, ಮಾರ್ಫಿನ್ ಮುಗಿಯುವ ಮೊದಲೇ ಹೋಗಿ ತರುವುದು, ಇವು ಯುವಕರ ಸಂಘದ ಒಂದು ಬೈಕಿನಿಂದ ಆಗುವ ಕೆಲಸಗಳು.

ಮತ್ತೆ, ಈ ಹಿರಿಯರು ಭಾನುವಾರದ ಬಲಿಪೂಜೆಗೆ ಬರುವುದನ್ನು ನಿಲ್ಲಿಸಿದ್ದೇಕೆಂದು ಯಾರಾದರೂ ವಿಚಾರಿಸಿದ್ದೀರಾ? ಭಕ್ತಿ ಕುಗ್ಗಿದ್ದರಿಂದಲ್ಲ. ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕಾದವರು ಮುಂದಿನ ಸಾಲಿನಿಂದ ಎದ್ದು ಎಲ್ಲರ ಕಣ್ಣೆದುರಿಗೆ ನಡೆಯಲಾರರು, ಹಿಂದಿನ ಬಾಗಿಲಿನ ಪಕ್ಕದ ಬೆಂಚು ಯಾವಾಗಲೂ ತುಂಬಿರುತ್ತದೆ, ಶೌಚಾಲಯಕ್ಕೆ ಬೀಗ. ಆ ಬೀಗದ ಕೈ ಯಾರ ಬಳಿ ಇದೆಯೆಂದು ಈ ವಾರವೇ ಕೇಳಿ ತಿಳಿದುಕೊಳ್ಳಿ. ಭಾನುವಾರ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಅದು ತೆರೆದಿರಲಿ.